ಹಲ್ಲಿ ಗುರುತಿನ ವೀಸ್‌ಮನ್: ಎಲೆಕ್ಟ್ರಿಕ್ ಆಗಿ ಬಂದರೆ ಅದು ಅದೇ ಕಾರಾ?

ಘಾಟಿ ತಿರುವು:
ಬಹಳ ದಿನದಿಂದ ಇದರ ಬಗ್ಗೆ ಬರೆಯಬೇಕು ಅಂತಿದ್ದೆ. ಜರ್ಮನಿಯ ಕಾರು ಅಂದ ತಕ್ಷಣ ನಮಗೆ ನಾಲ್ಕೈದು ದೊಡ್ಡ ಹೆಸರು ನೆನಪಾಗುತ್ತವೆ. ಆದರೆ ಅಲ್ಲಿ ಡ್ಯುಲ್ಮೆನ್ ಅಂತ ಒಂದು ಸಣ್ಣ ಊರಿದೆ, ಮ್ಯುನ್ಸ್ಟರ್ ಹತ್ತಿರ. ಆ ಊರಲ್ಲಿ 1988ರಲ್ಲಿ ಮಾರ್ಟಿನ್ ವೀಸ್‌ಮನ್, ಫ್ರೀಡ್‌ಹೆಲ್ಮ್ ವೀಸ್‌ಮನ್ ಅಂತ ಅಣ್ಣತಮ್ಮಂದಿರು ಒಂದು ಕಂಪನಿ ಶುರು ಮಾಡಿದರು. ಒಬ್ಬರು ಎಂಜಿನಿಯರ್, ಇನ್ನೊಬ್ಬರು ವ್ಯಾಪಾರ ನೋಡಿಕೊಂಡವರು. ಕಾರಿನ ಮಾಡೆಲ್ ಹೆಸರಲ್ಲಿರುವ ಎಂಎಫ್ ಅನ್ನೋದು ಇವರಿಬ್ಬರ ಹೆಸರಿನ ಮೊದಲ ಅಕ್ಷರಗಳೇ.

ಮೊದಲು ಇವರು ಮಾಡಿದ್ದು ಇಡೀ ಕಾರನ್ನಲ್ಲ. ಬೇರೆ ಕಂಪನಿಗಳ ಓಪನ್ ಕಾರುಗಳಿಗೆ ಹಾಕುವ ಹಾರ್ಡ್‌ಟಾಪ್, ಅಂದರೆ ಬಿಚ್ಚಿಡಬಹುದಾದ ಗಟ್ಟಿ ಚಾವಣಿ. ಆ ದುಡ್ಡಿನಲ್ಲಿ ನಿಧಾನವಾಗಿ ತಮ್ಮದೇ ರೋಡ್‌ಸ್ಟರ್, ಅಂದರೆ ಎರಡು ಸೀಟಿನ ಓಪನ್ ಕಾರು ಕಟ್ಟಿದರು. 1993ರಲ್ಲಿ ಮೊದಲ ಕಾರು ಗ್ರಾಹಕರ ಕೈ ಸೇರಿತು. ಎಂಜಿನ್ ಬಿಎಂಡಬ್ಲ್ಯೂದು, ಆರು ಸಿಲಿಂಡರ್ ಸಾಲಾಗಿ. ಸತು ಲೇಪಿಸಿದ ಸ್ಟೀಲ್ ಪೈಪುಗಳ ಚೌಕಟ್ಟು, ಮೇಲೆ ಫೈಬರ್ ಗ್ಲಾಸ್ ಬಾಡಿ. ನೋಡೋಕೆ 1950ರ ದಶಕದ ಇಂಗ್ಲಿಷ್ ರೋಡ್‌ಸ್ಟರ್‌ಗಳ ಹಾಗೆ, ಉದ್ದ ಮೂತಿ, ದುಂಡು ಬೆನ್ನು.

2013ರ ಆಗಸ್ಟ್‌ನಲ್ಲಿ ದಿವಾಳಿ ಅರ್ಜಿ ಹಾಕಿದರು. 2014ರಲ್ಲಿ ಬಾಗಿಲು ಮುಚ್ಚಿತು. ಆಮೇಲೆ ರೋಹೀನ್ ಬೆರ್ರಿ, ಸಾಹಿರ್ ಬೆರ್ರಿ ಅನ್ನುವ ಇನ್ನೊಂದು ಜೋಡಿ ಅಣ್ಣತಮ್ಮಂದಿರು ಕಂಪನಿಯನ್ನು ಕೊಂಡರು. 2022ರಲ್ಲಿ ಪ್ರಾಜೆಕ್ಟ್ ಥಂಡರ್‌ಬಾಲ್ ಅಂತ ಪೂರ್ತಿ ಎಲೆಕ್ಟ್ರಿಕ್ ರೋಡ್‌ಸ್ಟರ್ ತೋರಿಸಿದರು. ನನ್ನ ಪ್ರಶ್ನೆ ಇಷ್ಟೇ. ಹಗುರ ಅನ್ನೋದೇ ಈ ಕಾರಿನ ಜೀವ ಆಗಿತ್ತು. ಬ್ಯಾಟರಿ ತುಂಬಿದ ಕಾರಿಗೆ ಅದೇ ಹೆಸರು ಇಡಬಹುದಾ? ನನಗೆ ಇದು ನಿಜವಾಗಿಯೂ ಬೇಜಾರು ತರುವ ವಿಷಯ, ಅದಕ್ಕೇ ಕೇಳುತ್ತಿದ್ದೇನೆ.

ಆರು ಸಿಲಿಂಡರ್:
ಒಳ್ಳೆ ವಿಷಯ ಎತ್ತಿದ್ದೀರಿ ಸಾರ್. ಮೊದಲು ಇವರ ಎಂಎಫ್3 ಮಾಡೆಲ್ ಬಗ್ಗೆ ಹೇಳಲೇಬೇಕು. ಅದರಲ್ಲಿ ಇದ್ದದ್ದು ಬಿಎಂಡಬ್ಲ್ಯೂ ಎಂ3 ಕಾರಿನ ಎಸ್54 ಎಂಜಿನ್. 3,246 ಸಿಸಿ, 343 ಎಚ್‌ಪಿ, ಪೂರ್ತಿ ಪವರ್ ಸಿಗುವುದು 7,900 ಆರ್‌ಪಿಎಂನಲ್ಲಿ. ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊ ಇಲ್ಲ. ಪ್ರತಿ ಸಿಲಿಂಡರ್‌ಗೂ ಗಾಳಿ ಬಿಡೋಕೆ ಅದರದ್ದೇ ಥ್ರಾಟಲ್. ಹಾಗಾಗಿ ಕಾಲು ಒತ್ತಿದ್ದಕ್ಕೂ ಎಂಜಿನ್ ಉತ್ತರ ಕೊಡೋದಕ್ಕೂ ನಡುವೆ ಸಮಯವೇ ಇರೋದಿಲ್ಲ.

ಅದೇ ಎಂಜಿನ್ ಇದ್ದ ಆ ಕಾಲದ ಎಂ3 ಸುಮಾರು 1,500 ಕೆಜಿ ತೂಗುತ್ತಿತ್ತು. ಎಂಎಫ್3 ತೂಕ 1,180 ಕೆಜಿ. ವ್ಯತ್ಯಾಸ 320 ಕೆಜಿ. ಅಂದರೆ ಎಂ3 ಯಾವಾಗಲೂ ನಾಲ್ಕು ಜನ ದೊಡ್ಡವರನ್ನು ಕೂರಿಸಿಕೊಂಡೇ ಓಡುತ್ತಿದ್ದ ಹಾಗೆ. ಟನ್‌ಗೆ ಲೆಕ್ಕ ಹಾಕಿದರೆ ಎಂ3ಗೆ 229 ಎಚ್‌ಪಿ, ವೀಸ್‌ಮನ್‌ಗೆ 291. ಎಂಜಿನ್‌ಗೆ ಒಂದು ಎಚ್‌ಪಿಯನ್ನೂ ಸೇರಿಸದೆ ಬರೀ ತೂಕ ಇಳಿಸಿ ಇಷ್ಟು ಪಡೆದರು. ಬ್ರೇಕ್, ಟೈರ್, ತಿರುವು, ಎಲ್ಲಕ್ಕೂ ಇದರಿಂದಲೇ ಲಾಭ. ಪವರ್ ಜಾಸ್ತಿ ಮಾಡಿದರೆ ನೇರ ರಸ್ತೆಯಲ್ಲಿ ಮಾತ್ರ ಗೊತ್ತಾಗುತ್ತೆ. ತೂಕ ಕಡಿಮೆ ಮಾಡಿದರೆ ಪಾರ್ಕಿಂಗ್‌ನಿಂದ ಹೊರಡುವಾಗಲೇ ಗೊತ್ತಾಗುತ್ತೆ.

ಆಮೇಲೆ ಬಂದ ಜಿಟಿ ಎಂಎಫ್4ನಲ್ಲಿ ಎಂಟು ಸಿಲಿಂಡರ್‌ನ ವಿ8, ಎಂಎಫ್5ನಲ್ಲಿ ಬಿಎಂಡಬ್ಲ್ಯೂ ಎಂ5 ಕಾರಿನ 507 ಎಚ್‌ಪಿಯ, ಹತ್ತು ಸಿಲಿಂಡರ್‌ನ ವಿ10 ಹಾಕಿದರು. ದೊಡ್ಡ ಸಾಧನೆಯೇ. ಆದರೂ ನನ್ನ ಮನಸ್ಸು ಎಂಎಫ್3 ಹತ್ತಿರಾನೇ ನಿಲ್ಲುತ್ತೆ.

ಹಾಸನದ ಹುಡುಗ:
ಅಣ್ಣ, ಹಲ್ಲಿ ಗುರುತು ಯಾಕೆ? ನಮ್ಮ ಮನೇಲಿ ಹಲ್ಲಿ ಲೊಚಗುಟ್ಟಿದರೆ ಅಜ್ಜಿ ನೆಲಕ್ಕೆ ಬೆರಳು ತಟ್ಟಿ ಕೃಷ್ಣ ಕೃಷ್ಣ ಅಂತಾರೆ. ಅಲ್ಲೂ ಶಕುನ ಏನಾದರೂ ಇದೆಯಾ?

ಆರು ಸಿಲಿಂಡರ್:
ಶಕುನ ಅಲ್ಲ ತಮ್ಮ. ಹಲ್ಲಿ ಗೋಡೆಗೆ ಅಂಟಿಕೊಂಡ ಹಾಗೆ ನಮ್ಮ ಕಾರು ರಸ್ತೆಗೆ ಅಂಟಿಕೊಳ್ಳುತ್ತೆ ಅಂತ ಅವರ ಮಾತು. ಹಲ್ಲಿ ಕಾಲಲ್ಲಿ ಗೋಂದು ಇರೋದಿಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲು ಲಕ್ಷಗಟ್ಟಲೆ ಇರುತ್ತವೆ. ಜೊತೆಗೆ ಹಲ್ಲಿ ಹಗುರ ಕೂಡ ಇರೋದರಿಂದ ಮಾಡಿನಲ್ಲಿ ತಲೆಕೆಳಗಾಗಿ ಓಡಾಡೋಕೆ ಆಗೋದು. ಅದಕ್ಕೇ ಈ ಗುರುತು ನನಗೆ ಅಷ್ಟು ಸರಿ ಅನ್ನಿಸುತ್ತೆ. 2008ರಲ್ಲಿ ಡ್ಯುಲ್ಮೆನ್‌ನಲ್ಲಿ ಕಟ್ಟಿದ ಹೊಸ ಕಾರ್ಖಾನೆಯನ್ನೂ ಹಲ್ಲಿಯ ಆಕಾರದಲ್ಲೇ ಕಟ್ಟಿದರು.

ಡೋರ್ಟ್‌ಮುಂಡ್ ಕನ್ನಡಿಗ:
ನಾನಿರೋದು ಡೋರ್ಟ್‌ಮುಂಡ್‌ನಲ್ಲಿ. ಡ್ಯುಲ್ಮೆನ್ ಇಲ್ಲಿಂದ ಐವತ್ತು ಕಿಲೋಮೀಟರ್ ಆಸುಪಾಸು, ಎ43 ಹೆದ್ದಾರಿ ಹಿಡಿದರೆ ಮುಕ್ಕಾಲು ಗಂಟೆ. ಹೋದ ವರ್ಷ ಒಂದು ಭಾನುವಾರ ಬೆಳಿಗ್ಗೆ ಇಲ್ಲಿ ಹಳೇ ಕಾರುಗಳವರು ಸೇರುವ ಜಾಗಕ್ಕೆ ಹೋಗಿದ್ದೆ. ಬೆಳ್ಳಿ ಬಣ್ಣದ ಎಂಎಫ್3 ಒಂದು ಬಂದಿತ್ತು. ನಾನು ಹತ್ತು ನಿಮಿಷ ಅದರ ಸುತ್ತಲೇ ಸುತ್ತುತ್ತಿದ್ದೆ. ಯಜಮಾನರಿಗೆ ಎಪ್ಪತ್ತರ ಹತ್ತಿರ ವಯಸ್ಸು. ಕೊನೆಗೆ ಅವರೇ ಬಾಗಿಲು ತೆಗೆದು ಕೂತು ನೋಡಿ ಅಂದರು.

ಬಾಗಿಲು ಎಷ್ಟು ಹಗುರ ಅಂದರೆ ಎರಡು ಬೆರಳಲ್ಲಿ ಎಳೆಯಬಹುದು. ಆದರೆ ಒಳಗೆ ಇಳಿಯೋದು ಸುಲಭ ಅಲ್ಲ. ಮೊದಲು ಕುಂಡಿ ಸೀಟಿಗೆ ಊರಬೇಕು, ಆಮೇಲೆ ಒಂದೊಂದೇ ಕಾಲು ಒಳಗೆ ತಗೋಬೇಕು. ಕೂತ ಮೇಲೆ ಕೈ ಹೊರಗೆ ಚಾಚಿದರೆ ನೆಲ ಸಿಕ್ಕೇಬಿಡುತ್ತೆ ಅನ್ನಿಸುತ್ತೆ. ಡ್ಯಾಶ್‌ಬೋರ್ಡ್ ಪೂರ್ತಿ ಚರ್ಮ, ದುಂಡು ಮೀಟರ್‌ಗಳು ಸ್ಟೀರಿಂಗ್ ಹಿಂದೆ ಇಲ್ಲ, ನಡುವೆ ಸಾಲಾಗಿವೆ. ಚರ್ಮದ ಹೊಲಿಗೆ ಒಂದು ಕಡೆ ಕೂದಲೆಳೆಯಷ್ಟು ಸೊಟ್ಟ ಇತ್ತು. ಅದನ್ನು ನೋಡಿ ನನಗೆ ಖುಷಿಯಾಯಿತು. ಯಾರೋ ಒಬ್ಬರು ಕೂತು ಕೈಯಲ್ಲಿ ಹೊಲಿದಿದ್ದಾರೆ ಅಂತ ಅಲ್ವಾ ಅರ್ಥ.

ಆಮೇಲೆ ಅವರು ಒಂದು ಸುತ್ತು ಕರೆದುಕೊಂಡು ಹೋದರು. ಮ್ಯುನ್ಸ್ಟರ್ ಸುತ್ತಮುತ್ತ ಎಲ್ಲ ಸಪಾಟು, ಮೆಕ್ಕೆಜೋಳದ ಹೊಲ, ಎರಡೂ ಕಡೆ ಬೇಲಿ ಗಿಡ. ಎಂಜಿನ್ ತಣ್ಣಗಿರುವಾಗ ಡಬ್ಬಿಯಲ್ಲಿ ಮೊಳೆ ಅಲ್ಲಾಡಿಸಿದ ಹಾಗೆ ಸದ್ದು. ಬಿಸಿಯಾಗೋವರೆಗೂ ಅವರು 3,000 ಆರ್‌ಪಿಎಂ ದಾಟಲಿಲ್ಲ, ಎಣ್ಣೆಯ ಉಷ್ಣತೆಯ ಮುಳ್ಳನ್ನೇ ನೋಡುತ್ತಿದ್ದರು. ಆಮೇಲೆ ಒಂದು ತಿರುವಿನಿಂದ ಹೊರಬಂದು ಪೂರ್ತಿ ಒತ್ತಿದರು. ವೇಗ ಎಷ್ಟಿತ್ತೋ ನಾನು ನೋಡಲಿಲ್ಲ. ಕಾರಿನ ಮೂತಿ ಸ್ಟೀರಿಂಗ್ ಜೊತೆಗೇ ತಿರುಗಿದ್ದು ಮಾತ್ರ ಇನ್ನೂ ಮೈಯಲ್ಲಿ ನೆನಪಿದೆ.

ಫೈಬರ್ ಪೀಣ್ಯ:
ನಾನು ಹದಿನೇಳು ವರ್ಷದಿಂದ ಫೈಬರ್ ಕೆಲಸ ಮಾಡ್ತಿದ್ದೇನೆ. ಬಸ್ಸಿನ ಮುಂಭಾಗ, ಮೆಷಿನ್ ಕವರ್, ಟ್ಯಾಂಕ್ ಮುಚ್ಚಳ, ಇಂಥವು. ಈ ಕಾರು ಓಡಿಸಿಲ್ಲ, ಕಣ್ಣಾರೆ ನೋಡೂ ಇಲ್ಲ. ಆದರೆ ಅವರ ಕೆಲಸ ಏನು ಅಂತ ನನಗೆ ಗೊತ್ತು, ಅದನ್ನು ಹೇಳ್ತೇನೆ.

ಜನ ಫೈಬರ್ ಅಂದರೆ ಅಗ್ಗದ ಮಾಲು ಅಂದುಕೊಳ್ಳುತ್ತಾರೆ. ಮೋಲ್ಡ್‌ಗೆ, ಅಂದರೆ ಅಚ್ಚಿಗೆ, ವ್ಯಾಕ್ಸ್ ಹಚ್ಚಬೇಕು, ಪೀಸಿನ ಮೇಲ್ಮೈ ಆಗುವ ಜೆಲ್ ಕೋಟ್ ಹೊಡೀಬೇಕು, ಅದು ಕೈಗೆ ಅಂಟುವ ಹದಕ್ಕೆ ಬಂದಾಗ ಗಾಜಿನ ಎಳೆಯ ಮ್ಯಾಟ್ ಇಟ್ಟು ರೆಸಿನ್ ಅನ್ನೋ ಅಂಟು ಹಾಕಿ ರೋಲರ್ ಎಳೀಬೇಕು. ಆ ಹದ ತಪ್ಪಿದರೆ ಮುಗೀತು. ಗಾಳಿ ಗುಳ್ಳೆ ಒಂದು ಉಳಿದರೂ ಎರಡು ವರ್ಷದ ಮೇಲೆ ಬಿಸಿಲಿಗೆ ಅಲ್ಲೇ ಜೇಡರ ಬಲೆ ಹಾಗೆ ಬಿರುಕು ಬಿಡುತ್ತೆ. ರೆಸಿನ್ ಜಾಸ್ತಿ ಸುರಿದರೆ ಕೆಲಸ ಬೇಗ ಆಗುತ್ತೆ, ಆದರೆ ಪೀಸು ಭಾರ ಆಗುತ್ತೆ, ಮುರಿಯುತ್ತೆ ಕೂಡ. ಕಡಿಮೆ ರೆಸಿನ್‌ನಲ್ಲಿ ಮ್ಯಾಟ್ ಪೂರ್ತಿ ನೆನೆಸೋದೇ ಕೈಚಳಕ. ಹಗುರ ಅನ್ನೋದು ಡ್ರಾಯಿಂಗ್‌ನಲ್ಲಿ ಬರೋದಲ್ಲ, ರೋಲರ್ ಹಿಡಿದವನ ತಾಳ್ಮೆಯಲ್ಲಿ ಬರುತ್ತೆ.

ಇನ್ನೊಂದು ವಿಷಯ. ಇವರು ಹಾರ್ಡ್‌ಟಾಪ್‌ನಿಂದ ಶುರು ಮಾಡಿದರು ಅಂದಿರಲ್ಲ, ಅದು ಸುಮ್ನೆ ಅಲ್ಲ. ಬೇರೆಯವರ ಕಾರಿನ ಮೇಲೆ ಚಾವಣಿ ಕೂರಿಸೋದು ಅತಿ ಕಷ್ಟದ ಫಿಟ್ಟಿಂಗ್. ಎಲ್ಲ ಕಡೆ ಸಂದು ಒಂದೇ ಸಮ ಇರಬೇಕು, ಮಳೆ ಒಳಗೆ ಬರಬಾರದು, ವೇಗದಲ್ಲಿ ಶಿಳ್ಳೆ ಹೊಡೀಬಾರದು. ಅದನ್ನು ವರ್ಷಗಟ್ಟಲೆ ಮಾಡಿದವರಿಗೆ ಇಡೀ ಬಾಡಿ ಕಟ್ಟುವ ಧೈರ್ಯ ಬಂದಿರುತ್ತೆ.

ಲೆಕ್ಕದ ಪುಸ್ತಕ:
ಎಲ್ಲರೂ ಕಾರಿನ ಬಗ್ಗೆ ಪ್ರೀತಿಯಿಂದ ಬರೆದಿದ್ದೀರಿ. ನಾನು ದುಡ್ಡಿನ ಬಗ್ಗೆ ಹೇಳುತ್ತೇನೆ, ಯಾಕೆಂದರೆ ಈ ಕಾರು ಸತ್ತದ್ದು ರಸ್ತೆಯಲ್ಲಿ ಅಲ್ಲ.

ಒಂದು ಕಾರಿಗೆ ಸುಮಾರು 350 ಗಂಟೆ ಕೈಕೆಲಸ ಅಂತ ಹೇಳುತ್ತಿದ್ದರು. ದಿನಕ್ಕೆ ಎಂಟು ಗಂಟೆ ಹಿಡಿದರೆ ಒಬ್ಬ ಮನುಷ್ಯನ 44 ದಿನ. ಅದೂ ಜರ್ಮನಿಯ ಕೂಲಿ ದರದಲ್ಲಿ. ಇದರ ಮೇಲೆ ಎಂಜಿನ್, ಗೇರ್‌ಬಾಕ್ಸ್ ಹೊರಗಿನಿಂದ ಕೊಳ್ಳಬೇಕು. ದೊಡ್ಡ ಕಂಪನಿ ಒಂದು ಎಂಜಿನ್ ನಿಲ್ಲಿಸಿ ಹೊಸದು ತಂದಾಗ, ಸಣ್ಣವರು ಚೌಕಟ್ಟು, ವೈರಿಂಗ್, ಸೈಲೆನ್ಸರ್ ಎಲ್ಲ ಮತ್ತೆ ಹೊಂದಿಸಬೇಕು, ಮತ್ತೆ ಹೊಗೆ ಪರೀಕ್ಷೆ ಪಾಸು ಮಾಡಿಸಬೇಕು. ಆರು ಸಿಲಿಂಡರ್, ವಿ8, ವಿ10, ಆಮೇಲೆ ಟರ್ಬೊ ವಿ8. ಪ್ರತಿ ಸಲವೂ ಖರ್ಚು. ದೊಡ್ಡ ಕಂಪನಿ ಆ ಖರ್ಚನ್ನು ಲಕ್ಷ ಕಾರುಗಳ ಮೇಲೆ ಹಂಚುತ್ತೆ. ಇವರು ತಮ್ಮ ಇಡೀ ಜೀವಮಾನದಲ್ಲಿ ಮಾಡಿದ ಕಾರುಗಳು ಎರಡು ಸಾವಿರ ದಾಟಲಿಲ್ಲ.

ಅದರಲ್ಲೂ ಹೊಸ ಕಾರ್ಖಾನೆ ತೆರೆದದ್ದು 2008ರಲ್ಲಿ. ಅದೇ ವರ್ಷ ಪ್ರಪಂಚದ ಬ್ಯಾಂಕುಗಳು ಕುಸಿದವು. ಕಾರ್ಖಾನೆ ಚಂದ ಇತ್ತು, ಜನ ಬಂದು ಒಳಗೆ ಕೆಲಸ ನೋಡಬಹುದಿತ್ತು. ಆದರೆ ಚಂದದ ಕಟ್ಟಡಕ್ಕೂ ತಿಂಗಳ ಕಂತು ಇರುತ್ತೆ. ಅಮೆರಿಕದಲ್ಲಿ ಮಾರಬೇಕು ಅಂತ ಹೊರಟರು, ಅದೂ ಕೈಗೂಡಲಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಹಳೇ ಶೆಡ್‌ನಲ್ಲೇ ವರ್ಷಕ್ಕೆ ನೂರು ಎಂಎಫ್3 ಮಾಡಿಕೊಂಡು ಇದ್ದಿದ್ದರೆ ಇವತ್ತಿಗೂ ಇರುತ್ತಿದ್ದರು.

ಆರು ಸಿಲಿಂಡರ್:
ಕೊನೆಯ ಮಾತು ಒಪ್ಪೋದಿಲ್ಲ ಸಾರ್. ಎಂಎಫ್3 ಎಂಜಿನ್ನೇ ನಿಂತು ಹೋಯಿತಲ್ಲ. ಬಿಎಂಡಬ್ಲ್ಯೂ ಮುಂದಿನ ಎಂ3ಗೆ ವಿ8 ಹಾಕಿತು. ಇವರು ಹಳೇ ಶೆಡ್‌ನಲ್ಲೇ ಇದ್ದಿದ್ದರೂ ಬೇರೆ ದಾರಿ ಇರಲಿಲ್ಲ.

ಲೆಕ್ಕದ ಪುಸ್ತಕ:
ಸರಿ, ಆ ಮಾತು ಒಪ್ಪುತ್ತೇನೆ. ಹಾಗಾದರೆ ಸಮಸ್ಯೆ ಇನ್ನೂ ಆಳ. ಎಂಜಿನ್ ಯಾರ ಕೈಯಲ್ಲಿದೆಯೋ ನಿಮ್ಮ ಆಯಸ್ಸೂ ಅವರ ಕೈಯಲ್ಲೇ. ಅದೇ ದೇಶದಲ್ಲಿ ಇನ್ನೂ ಕೆಲವರನ್ನು ನೋಡಿ. ಸ್ಯಾಕ್ಸನಿಯಲ್ಲಿ ಯೆಸ್ ಅಂತ ಒಂದು ರೋಡ್‌ಸ್ಟರ್ ಇತ್ತು, ಫುಂಕೆ ಮತ್ತು ವಿಲ್ ಅನ್ನುವ ಇಬ್ಬರು ಯುವ ಎಂಜಿನಿಯರ್‌ಗಳು ಕಟ್ಟಿದ್ದು, ಫೋಕ್ಸ್‌ವ್ಯಾಗನ್ ಬಳಗದ ಎಂಜಿನ್. ಡ್ರೆಸ್ಡೆನ್‌ನ ಮೆಲ್ಕುಸ್ ಹೆಸರನ್ನು ಮತ್ತೆ ಎಬ್ಬಿಸಿದರು, ಅದೂ 2012ರಲ್ಲಿ ದಿವಾಳಿ. ಬವೇರಿಯಾದ ರೋಡಿಂಗ್ ಅನ್ನುವವರು ಒಂದು ಟನ್‌ಗಿಂತ ಕಡಿಮೆ ತೂಕದ ಕಾರ್ಬನ್ ರೋಡ್‌ಸ್ಟರ್ ಮಾಡಿದರು. ಎಲ್ಲರಿಗೂ ಕೆಲಸ ಗೊತ್ತಿತ್ತು.

ಘಾಟಿ ತಿರುವು:
ನಮ್ಮಲ್ಲೂ ಸ್ಯಾನ್ ಸ್ಟಾರ್ಮ್ ಅಂತ ಒಂದಿತ್ತು, ನೆನಪಿದೆಯಾ? ಎರಡೇ ಸೀಟು, ಫೈಬರ್ ಬಾಡಿ, ರೆನೋದ 1,149 ಸಿಸಿ ಎಂಜಿನ್, 60 ಎಚ್‌ಪಿ. ಪವರ್ ಕಡಿಮೆ, ಆದರೆ ಅದೂ ಕೊಂಡು ತಂದ ಎಂಜಿನ್ ಮೇಲೆ ಸ್ವಂತ ಬಾಡಿ ಕಟ್ಟಿದ ಕಾರೇ. ಚಿಕ್ಕವನಿದ್ದಾಗ ಬೆಂಗಳೂರಲ್ಲಿ ಒಂದು ಕೆಂಪು ಸ್ಟಾರ್ಮ್ ನೋಡಿ ಸಿಗ್ನಲ್ ಬಿಟ್ಟರೂ ನಮ್ಮ ಮಾವ ಸ್ಕೂಟರ್ ಮುಂದಕ್ಕೆ ತೆಗೆಯಲಿಲ್ಲ.

ಬ್ಯಾಟರಿ ಅಕ್ಕ:
ಮೂಲ ಪ್ರಶ್ನೆಗೆ ಬರೋಣ. ನಾನು ಎಲೆಕ್ಟ್ರಿಕ್ ವಾಹನಗಳ ಬ್ಯಾಟರಿ ವಿಭಾಗದಲ್ಲೇ ಕೆಲಸ ಮಾಡೋದು. ಹಾಗಾಗಿ ಒಂದು ಪಕ್ಷ ಹಿಡಿದು ಹೇಳುತ್ತಿದ್ದೇನೆ ಅಂದುಕೊಂಡರೂ ಪರವಾಗಿಲ್ಲ.

ಥಂಡರ್‌ಬಾಲ್‌ಗೆ ಅವರು ಹೇಳಿದ ಲೆಕ್ಕ: 500 ಕಿಲೋವ್ಯಾಟ್, ಅಂದರೆ 680 ಎಚ್‌ಪಿ. 1,100 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. 92 ಕಿಲೋವ್ಯಾಟ್ ಅವರ್ ಬ್ಯಾಟರಿ. ಸೊನ್ನೆಯಿಂದ ಗಂಟೆಗೆ ನೂರು ಕಿಲೋಮೀಟರ್ ವೇಗಕ್ಕೆ 2.9 ಸೆಕೆಂಡ್. ಬೆಲೆ 3,00,000 ಯೂರೋದಿಂದ ಶುರು. ಕಾರ್ಬನ್ ಬಾಡಿ, ಅಭಿವೃದ್ಧಿಯಲ್ಲಿ ಜೊತೆಯಾದವರು ಈಗ ಮೇಲೆ ಹೆಸರು ಬಂತಲ್ಲ, ಅದೇ ರೋಡಿಂಗ್. ತೂಕ 1,700 ಕೆಜಿ ಆಸುಪಾಸು.

ಈಗ ನಾನೇ ಲೆಕ್ಕ ಹಾಕುತ್ತೇನೆ. ಒಂದು ಕಿಲೋವ್ಯಾಟ್ ಅವರ್‌ಗೆ ಡಬ್ಬಿ, ಕೂಲಿಂಗ್ ಎಲ್ಲ ಸೇರಿ ಆರು ಕೆಜಿ ಹಿಡಿಯಿರಿ. 92ಕ್ಕೆ 550 ಕೆಜಿ. ಪೆಟ್ರೋಲ್ 55 ಲೀಟರ್ ತುಂಬಿದರೆ ತೂಗೋದು 41 ಕೆಜಿ, ಅದೂ ಓಡಿಸಿದಂತೆ ಕಡಿಮೆಯಾಗುತ್ತೆ. ಈ ಜಾಗದಲ್ಲಿ ನಾವು ಸೋತಿದ್ದೇವೆ, ಅದನ್ನು ಒಪ್ಪಿಕೊಳ್ಳಬೇಕು. ಆದರೆ ಎರಡು ಮಾತು. ಬ್ಯಾಟರಿಯನ್ನು ತಗ್ಗಿನಲ್ಲಿ, ಎರಡು ಆಕ್ಸಲ್‌ಗಳ ನಡುವೆ ಇಡಬಹುದು, ಹಾಗಾಗಿ ಅದೇ ತೂಕ ತಿರುವಿನಲ್ಲಿ ಅಷ್ಟು ಕಾಡೋದಿಲ್ಲ. ಎರಡನೆಯದು, ಇದು ನನಗೆ ಮುಖ್ಯ: ಮೋಟಾರು ಸಣ್ಣ ಕಂಪನಿಗೂ ಸಿಗುತ್ತೆ, ಹೊಗೆ ಪರೀಕ್ಷೆ ಇಲ್ಲ. ಲೆಕ್ಕದ ಪುಸ್ತಕದವರು ಹೇಳಿದ ಬೇರೆಯವರ ಎಂಜಿನ್ ಹಿಂದೆ ಓಡುವ ಕಷ್ಟ ಇಲ್ಲಿ ಅರ್ಧ ಕಡಿಮೆಯಾಗುತ್ತೆ.

ಆರು ಸಿಲಿಂಡರ್:
ಮೇಡಂ, ನಿಮ್ಮ ಲೆಕ್ಕ ಸರಿ ಇದೆ. ನನ್ನ ತಕರಾರು ಬೇರೆ. 2.9 ಸೆಕೆಂಡ್ ಯಾರು ಕೇಳಿದ್ದರು? ಎಂಎಫ್3 ಸುಮಾರು ಐದು ಸೆಕೆಂಡ್ ತೆಗೆದುಕೊಳ್ಳುತ್ತಿತ್ತು, ಅದು ಸಾಕಾಗಿತ್ತು. ಎಲೆಕ್ಟ್ರಿಕ್ ರೋಡ್‌ಸ್ಟರ್ ಮಾಡುವವರು ಯಾಕೆ 92ರ ಬ್ಯಾಟರಿ ಹಾಕಿ, ಅದನ್ನು ಎಳೆಯಲು 680 ಎಚ್‌ಪಿ ಹಾಕಿ, ಅದನ್ನು ನಿಲ್ಲಿಸಲು ದೊಡ್ಡ ಬ್ರೇಕ್ ಹಾಕುತ್ತಾರೆ? ಅರ್ಧ ಬ್ಯಾಟರಿ ಹಾಕಿ, 300 ಎಚ್‌ಪಿ ಕೊಡಿ, 1,300 ಕೆಜಿಯಲ್ಲಿ ಮುಗಿಸಿ. ಭಾನುವಾರ ಬೆಳಿಗ್ಗೆ ಇನ್ನೂರು ಕಿಲೋಮೀಟರ್ ಓಡಿದರೆ ಸಾಕಲ್ವಾ?

ಬ್ಯಾಟರಿ ಅಕ್ಕ:
ಆಗುತ್ತೆ. ಈಗಾಗಲೇ ಆಗಿದೆ ಕೂಡ. 2008ರ ಮೊದಲ ಟೆಸ್ಲಾ ರೋಡ್‌ಸ್ಟರ್ ನೋಡಿ. 53 ಕಿಲೋವ್ಯಾಟ್ ಅವರ್ ಬ್ಯಾಟರಿ, ಅದರ ತೂಕ 450 ಕೆಜಿ, ಇಡೀ ಕಾರು 1,300 ಕೆಜಿ ಆಸುಪಾಸು. ಅದು ಆ ಕಾಲದ ಸೆಲ್‌ಗಳಲ್ಲಿ. ಇವತ್ತಿನ ಸೆಲ್‌ನಲ್ಲಿ ಅಷ್ಟೇ ಶಕ್ತಿಗೆ ನೂರು ಕೆಜಿಗಿಂತ ಜಾಸ್ತಿ ಉಳಿಸಬಹುದು. ತಾಂತ್ರಿಕವಾಗಿ ನಿಮ್ಮ ಕಾರು ಕಟ್ಟೋಕೆ ಯಾವ ಅಡ್ಡಿಯೂ ಇಲ್ಲ. ಆದರೆ ಮೂರು ಲಕ್ಷ ಯೂರೋ ಕೊಡುವವರು 500 ಕಿಲೋಮೀಟರ್ ರೇಂಜ್ ಕೇಳುತ್ತಾರೆ, ಓಡಿಸದಿದ್ದರೂ ಕೇಳುತ್ತಾರೆ. ನನ್ನ ಕೆಲಸದಲ್ಲೂ ಇದೇ ಕಥೆ. ಬ್ಯಾಟರಿ ಪ್ಯಾಕ್ ಚಿಕ್ಕದು ಮಾಡೋಣ ಅಂತ ಪ್ರತಿ ಮೀಟಿಂಗ್‌ನಲ್ಲಿ ಹೇಳುತ್ತೇನೆ, ಪ್ರತಿ ಮೀಟಿಂಗ್ ಮುಗಿಯುವಾಗ ಪ್ಯಾಕ್ ಇನ್ನೂ ದೊಡ್ಡದಾಗಿರುತ್ತೆ. ನನಗೂ ಅದು ನೋವು.

ಹಾಸನದ ಹುಡುಗ:
ಒಂದು ಎಂಎಫ್3 ಇಲ್ಲಿಗೆ ತರಿಸಬಹುದಾ? ಸಕಲೇಶಪುರದ ಘಾಟಿಯಲ್ಲಿ ಓಡಿಸಬೇಕು ಅಂತ ಆಸೆ.

ಲೆಕ್ಕದ ಪುಸ್ತಕ:
ಸಾಮಾನ್ಯ ನಿಯಮದಲ್ಲಿ ಆಗೋದಿಲ್ಲ ಮರಿ. ಹೊರಗಿನಿಂದ ತರುವ ಹಳೆ ಕಾರು ಮೂರು ವರ್ಷಕ್ಕಿಂತ ಹಳೆಯದಿರಬಾರದು, ಸ್ಟೀರಿಂಗ್ ಬಲಕ್ಕಿರಬೇಕು. ಜರ್ಮನಿಗೆ ಹೋಗಿ ಅಲ್ಲೇ ಒಂದು ದಿನ ಬಾಡಿಗೆಗೆ ಓಡಿಸೋದು ಸುಲಭ.

ಫೈಬರ್ ಪೀಣ್ಯ:
ಈಗ ಇರುವ ಹಳೇ ಕಾರುಗಳ ಗತಿ ಏನು ಅನ್ನೋದೂ ಯೋಚಿಸಬೇಕು. ಎಂಜಿನ್ ಸಾಮಾನು ಬಿಎಂಡಬ್ಲ್ಯೂ ಇರುವವರೆಗೂ ಸಿಗುತ್ತೆ. ಬಾಡಿ ಒಡೆದರೆ? ಶೀಟ್ ಮೆಟಲ್ ಆದರೆ ತಟ್ಟಿ ಸರಿ ಮಾಡಬಹುದು. ಫೈಬರ್ ಚೂರಾದರೆ ಮೂಲ ಮೋಲ್ಡ್ ಬೇಕು, ಇಲ್ಲಾಂದರೆ ಇನ್ನೊಂದು ಕಾರಿನಿಂದ ಅಚ್ಚು ತೆಗೀಬೇಕು. ಕಂಪನಿ ಮುಚ್ಚಿದಾಗ ಮೊದಲು ಮೂಲೆಗೆ ಹೋಗೋದು ಮೋಲ್ಡ್‌ಗಳೇ. ಬಿಸಿಲಿಗೆ ಬಿದ್ದರೆ ಒಂದೇ ವರ್ಷದಲ್ಲಿ ಸೊಟ್ಟಗಾಗುತ್ತವೆ. ನಾನು ಮೊದಲು ಕೆಲಸ ಮಾಡ್ತಿದ್ದ ಶೆಡ್ ಮುಚ್ಚಿದಾಗ ಎಂಟು ವರ್ಷದ ಮೋಲ್ಡ್‌ಗಳನ್ನು ಅಂಗಳದಲ್ಲಿ ರಾಶಿ ಹಾಕಿದ್ದರು. ಮಳೆ ನೀರು ನಿಂತು ಸೊಳ್ಳೆ ಮೊಟ್ಟೆ ಇಟ್ಟಿದ್ದವು. ನಾನೇ ಉಜ್ಜಿ ಉಜ್ಜಿ ಕನ್ನಡಿ ಮಾಡಿದ ಮೋಲ್ಡ್ ಅವು. ಡ್ಯುಲ್ಮೆನ್‌ನಲ್ಲಿ ಹಾಗಾಗಿರಬಾರದು ಅಂತ ನನಗೆ ಆಸೆ.

ಘಾಟಿ ತಿರುವು:
ಇದನ್ನೆಲ್ಲ ಓದಿ ನನ್ನ ಅಭಿಪ್ರಾಯ ಸ್ವಲ್ಪ ಬದಲಾಗಿದೆ. ಬ್ಯಾಟರಿ ಇದ್ದ ಮಾತ್ರಕ್ಕೆ ಅದು ವೀಸ್‌ಮನ್ ಅಲ್ಲ ಅಂತ ಇನ್ನು ಹೇಳೋದಿಲ್ಲ. ಅಕ್ಕ ಹೇಳಿದ ಚಿಕ್ಕ ಪ್ಯಾಕ್ ಹಾಕಿ, ಪೀಣ್ಯದವರು ಹೇಳಿದ ಹಾಗೆ ಕಡಿಮೆ ರೆಸಿನ್‌ನಲ್ಲಿ ಬಾಡಿ ಕಟ್ಟಿ, 1,200 ಕೆಜಿ ಹತ್ತಿರ ನಿಲ್ಲಿಸಿದರೆ ಆ ಹಲ್ಲಿ ಗುರುತನ್ನು ನಾನೇ ಒಪ್ಪಿಕೊಳ್ಳುತ್ತೇನೆ. 1,700 ಕೆಜಿಗೆ ಒಪ್ಪೋದಿಲ್ಲ. ಅದು ಒಳ್ಳೆಯ ಕಾರಾಗಿರಬಹುದು, ಬೇರೆ ಕಾರು.

ಡೋರ್ಟ್‌ಮುಂಡ್ ಅವರೇ, ಡ್ಯುಲ್ಮೆನ್ ಕಡೆ ಹೋದರೆ ಆ ಕಟ್ಟಡದ ಒಂದು ಫೋಟೊ ಹಾಕ್ತೀರಾ?

ಡೋರ್ಟ್‌ಮುಂಡ್ ಕನ್ನಡಿಗ:
ಶನಿವಾರ ಹೋಗುತ್ತೇನೆ. ರಸ್ತೆಯಿಂದ ಹಲ್ಲಿ ಆಕಾರ ಕಾಣೋದಿಲ್ಲ, ಮೇಲಿನಿಂದ ನೋಡಬೇಕು. ಆದರೂ ಸಿಕ್ಕಿದ್ದು ತೆಗೆದು ಹಾಕುತ್ತೇನೆ. ಆ ಯಜಮಾನರಿಗೂ ಫೋನ್ ಮಾಡಿದ್ದೆ, ಅವರೂ ಕಾರು ತರುತ್ತಾರಂತೆ.

ಫೈಬರ್ ಪೀಣ್ಯ:
ಹಾಗಿದ್ದರೆ ನನಗೊಂದು ಉಪಕಾರ ಮಾಡಿ ಸಾರ್. ಬಾನೆಟ್ ಎತ್ತಿಸಿ ಒಳಭಾಗಕ್ಕೆ ಅಂಗೈ ಆಡಿಸಿ ನೋಡಿ. ಮೇಲೆ ಎಲ್ಲರೂ ನುಣುಪು ಮಾಡ್ತಾರೆ. ಒಳಗಡೆ ಮೂಲೆಗಳಲ್ಲಿ ರೆಸಿನ್ ಹೆಪ್ಪುಗಟ್ಟಿ ನಿಂತಿದೆಯಾ, ಇಲ್ಲ ಮ್ಯಾಟ್ ಎಳೆ ಕಾಣುವಷ್ಟು ತೆಳುವಾಗಿ ಎಳೆದಿದ್ದಾರಾ, ಅದನ್ನು ಹೇಳಿ. ಬೆಳಕು ಹಾಯಿಸಿ ಹತ್ತಿರದಿಂದ ಒಂದು ಫೋಟೊ ತೆಗೆದರೆ ಇನ್ನೂ ಒಳ್ಳೇದು.